ವೇಟ್ ಎತ್ತಿದರೆ ಓಟ ನಿಧಾನ ಆಗುತ್ತದೆಯೇ?

ಪ್ರಶ್ನೆ: ಸರ್, ನನಗೆ 41 ವರ್ಷ. ವಾರಕ್ಕೆ 4 ದಿನ ಓಡುತ್ತೇನೆ. 10 ಕಿ.ಮೀ.ಗೆ 62 ನಿಮಿಷ ಬೇಕು, ಒಂದು ವರ್ಷದಿಂದ ಅಲ್ಲೇ ನಿಂತಿದ್ದೇನೆ. 7 ಕಿ.ಮೀ. ದಾಟಿದ ಮೇಲೂ ಉಸಿರು ಚೆನ್ನಾಗಿಯೇ ಇರುತ್ತದೆ, ಕಾಲು ಮಾತ್ರ ಸೋಲುತ್ತದೆ. ಜಿಮ್‌ಗೆ ಹೋಗಿ ಅಂತ ಒಬ್ಬರು, ಹೋದರೆ ಮೈ ದಪ್ಪ ಆಗಿ ಓಟ ಕೆಡುತ್ತದೆ ಅಂತ ಇನ್ನೊಬ್ಬರು. ಯಾರ ಮಾತು ಕೇಳಲಿ?

ಕೋಚ್: ಉಸಿರಿದೆ, ಕಾಲು ಸೋಲುತ್ತದೆ ಅಂದಿರಲ್ಲ, ಅದನ್ನೇ ಹಿಡಿದು ಮಾತಾಡೋಣ. ಆ 62 ನಿಮಿಷದಲ್ಲಿ ನೀವು ಸುಮಾರು 10,000 ಹೆಜ್ಜೆ ಇಡುತ್ತೀರಿ. ಪ್ರತಿ ಹೆಜ್ಜೆಗೂ ಮೈತೂಕದ ಎರಡು-ಮೂರು ಪಟ್ಟು ಭಾರ ಒಂಟಿ ಕಾಲಿನ ಮೇಲೆ ಬೀಳುತ್ತದೆ. ಅದರಲ್ಲಿ ದೊಡ್ಡ ಪಾಲು ಹೊರುವುದು ಮೀನಖಂಡ, ಅದರಲ್ಲೂ ಒಳಗಿರುವ ಸೋಲಿಯಸ್ ಸ್ನಾಯು. ಹಿಮ್ಮಡಿ ಮೇಲಿನ ಅಕಿಲಿಸ್ ಟೆಂಡನ್ (ಮೀನಖಂಡವನ್ನು ಹಿಮ್ಮಡಿ ಮೂಳೆಗೆ ಕಟ್ಟುವ ಗಟ್ಟಿ ಹುರಿ) ಸ್ಪ್ರಿಂಗ್ ಥರ ಹಿಗ್ಗಿ, ಆ ಶಕ್ತಿಯನ್ನು ಮುಂದಕ್ಕೆ ತಳ್ಳಲು ವಾಪಸ್ ಕೊಡುತ್ತದೆ. ವಾರಗಟ್ಟಲೆ ಭಾರ ಎತ್ತಿದರೆ ಈ ಸ್ಪ್ರಿಂಗ್ ಬಿಗಿಯಾಗುತ್ತದೆ, ಸ್ನಾಯುವಿನ ಬಲವೂ ಹೆಚ್ಚುತ್ತದೆ. ಆಗ ಸ್ನಾಯು ತನ್ನ ಬಲದಲ್ಲಿ ಮೊದಲಿಗಿಂತ ಸಣ್ಣ ಪಾಲನ್ನು ಬಳಸಿ ಅದೇ ಕೆಲಸ ಮಾಡುತ್ತದೆ. ವಿಒ2 ಮ್ಯಾಕ್ಸ್ (ಮೈ ಬಳಸಬಲ್ಲ ಗರಿಷ್ಠ ಆಮ್ಲಜನಕ) ಇದರಿಂದ ಹೆಚ್ಚೇನೂ ಏರುವುದಿಲ್ಲ, ಆದರೆ ಅದೇ ವೇಗಕ್ಕೆ ಬೇಕಾಗುವ ಆಮ್ಲಜನಕ ಕಡಿಮೆ ಆಗುತ್ತದೆ.

ಮೈ ದಪ್ಪ ಆಗುವ ಭಯ ಬಿಡಿ. ಮೊದಲ ಕೆಲವು ವಾರ ಬಲ ಹೆಚ್ಚುವುದು ಮುಖ್ಯವಾಗಿ ನರಗಳು ಸ್ನಾಯುವನ್ನು ಚೆನ್ನಾಗಿ ದುಡಿಸಲು ಕಲಿಯುವುದರಿಂದ. ಓಟಕ್ಕೂ ವೇಟ್‌ಗೂ ಆಗದು ಅನ್ನುವ ಮಾತು 1980ರಲ್ಲಿ ಸಂಶೋಧಕ ರಾಬರ್ಟ್ ಹಿಕ್ಸನ್ ಮಾಡಿದ 10 ವಾರಗಳ ಪ್ರಯೋಗದಿಂದ ಜೋರಾಯಿತು. ಎರಡನ್ನೂ ಕಠಿಣವಾಗಿ, ವಾರವಿಡೀ ಮಾಡಿದವರಿಗೆ ಕೊನೆಯ ವಾರಗಳಲ್ಲಿ ಕುಗ್ಗಿದ್ದು ಬಲ! ದಮ್ಮು ಬೆಳೆಯುವುದಕ್ಕೆ ಅಡ್ಡಿ ಆಗಲಿಲ್ಲ. ಈ ಅರ್ಧ ಭಾಗವನ್ನು ಯಾರೂ ಹೇಳುವುದೇ ಇಲ್ಲ, ನನಗೆ ತುಂಬಾ ಬೇಸರ.

ವಾರಕ್ಕೆ 2 ದಿನ ಸಾಕು. ಸ್ಕ್ವಾಟ್ (ಭಾರ ಹೊತ್ತು ಕೂತು ಏಳುವುದು), ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತುವುದು), ಒಂಟಿ ಕಾಲಿನ ಮೆಟ್ಟಿಲು ಏರು, ಕಾಫ್ ರೈಸ್ (ಹಿಮ್ಮಡಿ ಎತ್ತಿ ಇಳಿಸುವುದು). ಕಾಫ್ ರೈಸನ್ನು ಮಂಡಿ ಮಡಚಿಯೂ ಮಾಡಿ, ಸೋಲಿಯಸ್‌ಗೆ ಹೆಚ್ಚು ಕೆಲಸ ಬೀಳುವುದು ಆಗಲೇ.

ಇನ್ನೊಬ್ಬ ಸದಸ್ಯೆ: ಸರ್, ಓಟಗಾರರು ಹಗುರ ತೂಕವನ್ನೇ 30 ಸಲ ಎತ್ತಬೇಕು ಅಂತಾರಲ್ವಾ?

ಕೋಚ್: ಮೇಡಂ, ಆ ದಮ್ಮಿನ ಕೆಲಸ ಓಟದಲ್ಲೇ ಬೇಕಾದಷ್ಟು ಆಗುತ್ತದೆ. ಜಿಮ್‌ನಲ್ಲಿ ಓಟ ಕೊಡದಿದ್ದನ್ನು ಪಡೆಯಿರಿ. ಮೊದಲ 3-4 ವಾರ ಹಗುರ ತೂಕದಲ್ಲಿ ಭಂಗಿ ಕಲಿಯಿರಿ. ಆಮೇಲೆ 4-6 ಸಲ ಮಾತ್ರ ಎತ್ತಲಾಗುವಷ್ಟು ಭಾರ. ಇನ್ನೂ ಎರಡು ಸಲ ಆಗುತ್ತದೆ ಅನ್ನುವಾಗಲೇ ಕೆಳಗಿಡಿ. ಒಂದು ಸುತ್ತಿಗೂ ಇನ್ನೊಂದಕ್ಕೂ ನಡುವೆ 2-3 ನಿಮಿಷ ಸುಮ್ನೆ ಕೂತಿರಿ.

ಪ್ರಶ್ನೆ ಕೇಳಿದವರು: ಯಾವ ದಿನ ಮಾಡಲಿ ಸರ್? ಇನ್ನು ಎರಡು ವಾರಕ್ಕೆ ನನ್ನ ರೇಸ್ ಇದೆ.

ಕೋಚ್: ಜೋರಾಗಿ ಓಡುವ ದಿನವೇ ಮಾಡಿ. ಬೆಳಗ್ಗೆ ಓಟ, ಸಂಜೆ ವೇಟ್. ಆಗ ಹಗುರ ದಿನ ನಿಜವಾಗಿಯೂ ಹಗುರ ಆಗಿರುತ್ತದೆ. ಲಾಂಗ್ ರನ್‌ನ (ವಾರದ ಅತಿ ಉದ್ದದ ಓಟದ) ಹಿಂದಿನ ದಿನ ಮಾತ್ರ ಬೇಡ. ಆದರೆ ಈಗ ಶುರು ಮಾಡಲೇಬೇಡಿ. ಹೊಸಬರಿಗೆ ಮೈಕೈ ನೋವು 2-3 ದಿನ ಬಿಡುವುದಿಲ್ಲ, ಲಾಭ ಕಾಣಲು ಎರಡು ತಿಂಗಳಾದರೂ ಬೇಕು. ರೇಸ್ ಮುಗಿಸಿ, ಒಂದು ವಾರ ಸುಧಾರಿಸಿಕೊಂಡು ಬನ್ನಿ. ಕಾಫ್ ರೈಸ್‌ನಿಂದಲೇ ಶುರು ಮಾಡೋಣ.