15 ಲಕ್ಷಕ್ಕೆ ಇವಿ: ಸಣ್ಣ ಗಾಡಿ ಟಾಪ್ ಎಂಡಾ, ದೊಡ್ಡ ಬ್ಯಾಟರಿ ಇರೋ ಕೆಳಗಿನ ವೇರಿಯಂಟಾ?

ವಿಜಯನಗರ_ಮಲ್ನಾಡಿಗ:

ಎಲ್ರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಓದ್ತಾ ಇದೀನಿ, ಬರೀತಿರೋದು ಇದೇ ಮೊದ್ಲು. ನಮ್ ಹಳೇ ಪೆಟ್ರೋಲ್ ಗಾಡಿಗೆ ಹನ್ನೆರಡು ವರ್ಷ ಆಯ್ತು, ಕ್ಲಚ್ ಪ್ಲೇಟ್ ಹೋಗಿದೆ, ಮೆಕ್ಯಾನಿಕ್ ಹೇಳಿದ ರೇಟ್ ಕೇಳಿ ನಮ್ಮನೆಯವಳು ಇನ್ನು ಇದಕ್ಕೆ ಒಂದು ರೂಪಾಯಿ ಸುರಿಯೋದು ಬೇಡ ಅಂದ್ಬಿಟ್ಳು. ದೀಪಾವಳಿ ಒಳಗೆ ಇವಿ, ಅಂದ್ರೆ ಬ್ಯಾಟರಿಲಿ ಓಡೋ ಕಾರು, ಬುಕ್ ಮಾಡೋಣ ಅಂತ. ಬಜೆಟ್ ಆನ್ ರೋಡ್ 15, ತುಂಬಾ ಎಳುದ್ರೆ 15.5.

ಓಡಾಟ ಹೇಳ್ತೀನಿ. ಬೆಂಗಳೂರಲ್ಲೇ ವಿಜಯನಗರದಿಂದ ಬೊಮ್ಮನಹಳ್ಳಿ ಆಫೀಸು, ಹೋಗಿ ಬರೋದು ದಿನಕ್ಕೆ 35 ಕಿ.ಮೀ., ಶನಿವಾರ ಭಾನುವಾರದ ತಿರುಗಾಟ ಸೇರಿ ತಿಂಗಳಿಗೆ ಸಿಟಿಲಿ ಸಾವಿರ ಕಿ.ಮೀ. ಆಗತ್ತೆ. ತಿಂಗಳಿಗೊಂದ್ಸಲ ತೀರ್ಥಹಳ್ಳಿ ಹತ್ರ ಊರಿಗೆ ಹೋಗ್ಬೇಕು, ಅದು ಒಂದ್ ಕಡೆಗೆ 360. ಅಪ್ಪಯ್ಯಂಗೆ ಮಂಡಿನೋವು, ಬೆಂಗಳೂರಿಗೆ ಡಾಕ್ಟ್ರಿಗೆ ತೋರ್ಸೋಕೆ ಕರ್ಕೊಂಡು ಬರೋದೂ ಇರತ್ತೆ.

ನೋಡಿರೋದು ಮೂರು, ಹೆಸರಿನ ಜೊತೆಗಿರೋ ನಂಬರ್ ಬ್ಯಾಟರಿ ಎಷ್ಟು ಯೂನಿಟ್ ಹಿಡಿಯತ್ತೆ ಅನ್ನೋದು. ಟಾಟಾ ಪಂಚ್ ಇವಿ 35 ಟಾಪ್ ಎಂಡು, ಸನ್‌ರೂಫ್ 360 ಡಿಗ್ರಿ ಕ್ಯಾಮೆರಾ ವೆಂಟಿಲೇಟೆಡ್ ಸೀಟು ಎಲ್ಲಾ ಬರತ್ತೆ. ಟಾಟಾ ನೆಕ್ಸಾನ್ 45, ಇದ್ರಲ್ಲಿ ನಮ್ಮ ದುಡ್ಡಿಗೆ ಕೆಳಗಿನ ವೇರಿಯಂಟೇ ಗತಿ. ಇನ್ನೊಂದು ಎಂಜಿ ವಿಂಡ್ಸರ್ 38, ಹಿಂದಿನ ಸೀಟ್ ನೋಡಿ ನಮ್ಮನೆಯವಳು ಅಲ್ಲೇ ಕೂತ್ಬಿಟ್ಳು, ಏಳೋಕೇ ಒಪ್ಲಿಲ್ಲ. ಮಗಂಗೆ ಸನ್‌ರೂಫ್ ಇಲ್ದಿದ್ರೆ ಕಾರೇ ಅಲ್ಲ. ಶೋರೂಮಲ್ಲಿ ಒಬ್ಬೊಬ್ರು ಒಂದೊಂದು ಹೇಳ್ತಾರೆ, ತಲೆ ಗಿರ್ರ್ ಅಂತಿದೆ. ನಿಮ್ಮಲ್ಲಿ ಓಡಿಸ್ತಿರೋರು ಹೇಳಿ, ದುಡ್ಡು ಯಾವುದಕ್ಕೆ ಹಾಕ್ಬೇಕು?

ಕರೆಂಟ್ ಕಲ್ಲೇಶಿ:

ಮೊದ್ಲು ಒಂದು ಪ್ರಶ್ನೆ, ಗಾಡಿ ನಿಲ್ಲೋ ಜಾಗದಲ್ಲಿ ಪ್ಲಗ್ ಇದ್ಯಾ? ಇದಕ್ಕೆ ಉತ್ತರ ಇಲ್ದೆ ವೇರಿಯಂಟ್ ಚರ್ಚೆ ಮಾಡೋದು ಹುಡುಗಿ ನೋಡೋಕ್ ಮುಂಚೆ ಛತ್ರ ಬುಕ್ ಮಾಡ್ದಂಗೆ.

ಇದೆ ಅಂತಲೇ ಇಟ್ಕೊಳೋಣ. ಶೋರೂಮಲ್ಲಿ ಹೇಳೋ ರೇಂಜನ್ನ, ಅಂದ್ರೆ ಒಂದ್ ಫುಲ್ ಚಾರ್ಜಲ್ಲಿ ಎಷ್ಟು ಕಿ.ಮೀ. ಓಡತ್ತೆ ಅನ್ನೋದನ್ನ, ಮರೆತ್ಬಿಡಿ, ಪಂಚ್ 421, ನೆಕ್ಸಾನ್ 489 ಅನ್ನೋದೆಲ್ಲ ಟೆಸ್ಟ್ ರೂಮಿನ ಲೆಕ್ಕ. ನೆಕ್ಸಾನ್ 45ಗೆ ಸರ್ಟಿಫಿಕೇಟಲ್ಲಿ 489 ಇದ್ರೂ ಟಾಟಾದವ್ರೇ ರಸ್ತೆ ಮೇಲೆ 350ರಿಂದ 370 ಅಂತ ಇನ್ನೊಂದು ನಂಬರ್ ಕೊಡ್ತಾರೆ. ನಿಮಗೆ ಬೇಕಿರೋದು ಇಷ್ಟೇ, ಬ್ಯಾಟರಿ ಎಷ್ಟು ಯೂನಿಟ್ ಹಿಡಿಯತ್ತೆ, ಒಂದು ಯೂನಿಟ್‌ಗೆ ಗಾಡಿ ಎಷ್ಟು ಓಡತ್ತೆ. ಹೈವೇಲಿ ಎಸಿ ಹಾಕ್ಕೊಂಡು 90ರಲ್ಲಿ ಹೋದ್ರೆ ಈ ಸೈಜ್ ಗಾಡಿಗಳು ಯೂನಿಟ್‌ಗೆ ಆರೂವರೆ ಏಳು ಕಿ.ಮೀ. ಕೊಡ್ತವೆ, 110ರಲ್ಲಿ ಚಚ್ಚಿದ್ರೆ ಐದಕ್ಕೆ ಬಂದು ಕೂರತ್ತೆ. ಫುಲ್ ಚಾರ್ಜಲ್ಲಿ ಹೊರಟು 15 ಪರ್ಸೆಂಟ್ ಉಳಿಸ್ಕೊಂಡು ನಿಲ್ಲೋದು ಅಂದ್ರೆ 35ರ ಬ್ಯಾಟರಿಲಿ 200 ಕಿ.ಮೀ., 38ರಲ್ಲಿ ಅದಕ್ಕಿಂತ ಸ್ವಲ್ಪ ಜಾಸ್ತಿ, 45ರಲ್ಲಿ 260. ನಿಮ್ಮೂರು 360. 45ರಲ್ಲಿ ಕಡೂರು ಬೀರೂರು ಕಡೆ ಒಂದು ಕಾಫಿ, ಅರ್ಧ ಗಂಟೆ ಚಾರ್ಜ್, ಊರು ಬಂತು. 35ರಲ್ಲಿ ಲೆಕ್ಕದ ಪ್ರಕಾರ ಒಂದೇ ಸ್ಟಾಪು, ಆದ್ರೆ ಶಿವಮೊಗ್ಗ ದಾಟಿದ್ಮೇಲೆ ಕಣ್ಣು ರಸ್ತೆ ಮೇಲಿರಲ್ಲ ಪರ್ಸೆಂಟ್ ಮೇಲಿರತ್ತೆ. ಅದೂ ಅಲ್ದೆ 10ರಿಂದ 80 ಪರ್ಸೆಂಟ್‌ಗೆ 35ರ ಪಂಚ್‌ಗೆ ಕಂಪನಿ ಹೇಳಿದ್ದು 56 ನಿಮಿಷ, ನೆಕ್ಸಾನ್ 45ಗೆ 40 ನಿಮಿಷ. ಈ ಹದಿನಾರು ನಿಮಿಷ ಬ್ರೋಷರಲ್ಲಿ ಸನ್‌ರೂಫ್ ಕೆಳಗೆಲ್ಲೋ ಸಣ್ಣ ಅಕ್ಷರದಲ್ಲಿ ಇರತ್ತೆ, ಯಾರೂ ಓದಲ್ಲ.

ಇನ್ನು ದುಡ್ಡು. 2025 ಸೆಪ್ಟೆಂಬರ್ 22ಕ್ಕೆ ಸಣ್ಣ ಪೆಟ್ರೋಲ್ ಗಾಡಿಗಳ ಜಿಎಸ್‌ಟಿ 18ಕ್ಕೆ ಇಳೀತು, ಇವಿ 5ರಲ್ಲೇ ಇದೆ, ಹಂಗಾಗಿ ಮುಂಚೆ ಇದ್ದಷ್ಟು ವ್ಯತ್ಯಾಸ ಈಗಿಲ್ಲ, ಅದು ನಿಜ. ಆದ್ರೆ ನಮ್ಮ ಕರ್ನಾಟಕದ ರೋಡ್ ಟ್ಯಾಕ್ಸ್ ಇದ್ಯಲ್ಲ, 10 ಲಕ್ಷ ದಾಟಿದ ಪೆಟ್ರೋಲ್ ಗಾಡಿಗೆ 17 ಪರ್ಸೆಂಟು, ಅದರ ಮೇಲೆ 11 ಪರ್ಸೆಂಟ್ ಸೆಸ್ಸು, ಹತ್ರತ್ರ 19 ಆಯ್ತು. ಇವಿಗೆ 2024ರಲ್ಲಿ 10 ಪರ್ಸೆಂಟ್ ಹಾಕಿದ್ದು 25 ಲಕ್ಷ ದಾಟಿದವಕ್ಕೆ, ನಿಮ್ಮ ರೇಟಿನ ಗಾಡಿಗೆ ಈಗ ಎಷ್ಟು ಅಂತ ಕೇಳ್ಕೊಳಿ. ಅದಕ್ಕೇ ಎಕ್ಸ್ ಶೋರೂಮ್ ಹೋಲಿಸ್ಬೇಡಿ, ಪೆಟ್ರೋಲ್ ಇವಿ ಎರಡರದ್ದೂ ಆನ್ ರೋಡ್ ಕೊಟೇಶನ್ ಬರೆಸ್ಕೊಂಡು ಪಕ್ಕಪಕ್ಕ ಇಡಿ.

ಓಡಿಸೋ ಖರ್ಚು: ತಿಂಗಳಿಗೆ 1720 ಕಿ.ಮೀ.ಗೆ ಪೆಟ್ರೋಲ್ ಆದ್ರೆ ಹನ್ನೆರಡು ಸಾವಿರ ಹೋಗತ್ತೆ. ಇವಿಲಿ ಮನೆ ಚಾರ್ಜು ಯೂನಿಟ್‌ಗೆ ಆರು ಚಿಲ್ರೆ, ಊರಿಗೆ ಹೋಗೋವಾಗ ಅರ್ಧ ಹೊರಗಡೆ 20-25 ರೂಪಾಯಿ ರೇಟಲ್ಲಿ ಹಾಕ್ಸಿದ್ರೂ ಎಲ್ಲಾ ಸೇರಿ ಎರಡೂವರೆ ಸಾವಿರದ ಹತ್ರ. ನಿಮ್ಮಷ್ಟು ಓಡಿಸೋರಿಗೆ ಇವಿ ತಗೊಳೋದು ಸರಿಯಾ ಅನ್ನೋ ಪ್ರಶ್ನೆನೇ ಇಲ್ಲ. ನನ್ನ ಓಟು ನೆಕ್ಸಾನ್ 45 ಕೆಳಗಿನ ವೇರಿಯಂಟ್‌ಗೆ. ಸೀಟ್ ಕವರು, ಕ್ಯಾಮೆರಾ ಆಮೇಲೂ ಹಾಕಿಸ್ಬಹುದು, ಬ್ಯಾಟರಿ ಆಮೇಲೆ ದೊಡ್ಡದು ಮಾಡ್ಸೋಕಾಗಲ್ಲ.

ಹಾಂ, ಸಾಲದ ಬಡ್ಡಿಗೆ ಒಂದೂವರೆ ಲಕ್ಷ ಇನ್ಕಮ್ ಟ್ಯಾಕ್ಸ್ ವಿನಾಯಿತಿ ಇದೆ ಸರ್ ಅಂತ ಸೇಲ್ಸ್ ಹುಡುಗ ಇನ್ನೂ ಹೇಳ್ತಿದ್ರೆ ನಂಬ್ಬೇಡಿ, ಆ ವಿನಾಯಿತಿ ಕೊಡ್ತಿದ್ದ 80ಇಇಬಿ ಸೆಕ್ಷನ್ ಇದ್ದಿದ್ದು 2023 ಮಾರ್ಚ್ 31ರೊಳಗೆ ಮಂಜೂರಾದ ಸಾಲಕ್ಕೆ ಮಾತ್ರ.

ಹುಬ್ಬಳ್ಳಿ ಮಂದಿ:

ಕಲ್ಲೇಶಿ ಸರ ಹೇಳಿದ್ದು ಖರೆ ಐತ್ರಿ. ನಾ ಒಂದ ಮಾತು ಕೂಡಸ್ತೇನಿ. ವಿಂಡ್ಸರ್ ನೋಡಾಕ ಹೋದ್ರ ಬ್ಯಾಟರಿ ಬಾಡಿಗಿ ಸ್ಕೀಮ್ ತೋರಸ್ತಾರ, ಅದನ್ನ ನೋಡಿ ಅಡ್ಡಬೀಳಬ್ಯಾಡ್ರಿ. ಗಾಡಿ ಮಾರ್ಕೆಟಿಗೆ ಬಂದಾಗ ಬ್ಯಾಟರಿ ಸಮೇತ 13.50 ಲಕ್ಷ, ಬ್ಯಾಟರಿ ಬಿಟ್ಟು 9.99, ಮ್ಯಾಲೆ ಕಿಲೋಮೀಟರಿಗೆ ಮೂರೂವರಿ ರೂಪಾಯಿ ಅಂತ ಇತ್ತು. ಲೆಕ್ಕಾ ಹಾಕ್ರಿ, ಮೂರೂವರಿ ಲಕ್ಷ ಉಳಸಾಕ ಹೋಗಿ ಒಂದು ಲಕ್ಷ ಕಿಲೋಮೀಟರ್ ಓಡಸೂದ್ರಾಗ ಮೂರೂವರಿ ಲಕ್ಷ ಕಟ್ಟೇ ಕಟ್ತೀರಿ, ಚಾರ್ಜಿಂಗ್ ರೊಕ್ಕ ಬ್ಯಾರೆ. ಕೆಲವು ಫೈನಾನ್ಸಿನವ್ರು ಗಾಡಿ ಮನ್ಯಾಗ ನಿಂತ್ರೂ ತಿಂಗಳಿಗೆ ಕನಿಷ್ಠ ಇಷ್ಟು ಕಿಲೋಮೀಟರ್ ಅಂತ ಹಿಡಕೊಂತಾರ, ಅದನ್ನ ಮೊದಲ ಕೇಳ್ರಿ. ಹಂಗಂತ ಗಾಡಿ ಕೆಟ್ಟ ಅಲ್ಲ ಮತ್ತ, ಒಳಗ ಜಾಗಾ ಅಂದ್ರ ಜಾಗಾ, ನಮ್ಮ ಅಣ್ಣನ ಕಡೆ ಐತಿ, ಹಿಂದ ಕುಂತ್ರ ಮನಿ ಪಡಸಾಲ್ಯಾಗ ಕುಂತಂಗ ಆಕ್ಕತಿ. ತಗೊಂಡ್ರ ಬ್ಯಾಟರಿ ಸಮೇತ ತಗೋರಿ.

ಏಳನೇ ಮಹಡಿ:

ಎಲ್ರೂ ಹಾರ ಹಾಕ್ತಿದೀರ, ನಾನು ಸ್ವಲ್ಪ ಖಾರ ಹಾಕ್ತೀನಿ. ನಮ್ದು ಅಪಾರ್ಟ್‌ಮೆಂಟ್, ಗಾಡಿ ತಗೊಂಡು ಒಂದೂಕಾಲು ವರ್ಷ ಆಯ್ತು, ಅಸೋಸಿಯೇಷನ್‌ನವರು ಇವತ್ತಿಗೂ ಬೇಸ್‌ಮೆಂಟಲ್ಲಿ ಪಾಯಿಂಟ್ ಹಾಕೋಕೆ ಬಿಟ್ಟಿಲ್ಲ. ಒಂದು ಮೀಟಿಂಗಲ್ಲಿ ಬೆಂಕಿ ಅಂತಾರೆ, ಇನ್ನೊಂದರಲ್ಲಿ ಟ್ರಾನ್ಸ್‌ಫಾರ್ಮರ್ ಲೋಡು, ಮೂರನೇದ್ರಲ್ಲಿ ಕೋರಂ ಇಲ್ಲ. ಹೊರಗಡೆನೇ ಚಾರ್ಜ್ ಮಾಡ್ತೀನಿ. ಆದ್ರೂ ಪೆಟ್ರೋಲ್‌ಗಿಂತ ಕಮ್ಮಿನೇ, ಇಲ್ಲ ಅನ್ನಲ್ಲ, ಆದ್ರೆ ಪ್ರತಿ ಭಾನುವಾರ ಬೆಳಗ್ಗೆ ಚಾರ್ಜರ್ ಹತ್ರ ಒಂದು ಗಂಟೆ ಕೂತಿರ್ಬೇಕು, ಪಕ್ಕದ ದರ್ಶಿನಿಲಿ ಮಸಾಲೆ ದೋಸೆ, ಆಮೇಲೆ ಕಾಫಿ, ಆಮೇಲೆ ಇನ್ನೊಂದು ಕಾಫಿ. ಉಳಿದ ದುಡ್ಡಲ್ಲಿ ಅರ್ಧ ಹೊಟ್ಟೆಗೆ ಹೋಗಿದೆ, ಹೊಟ್ಟೆ ನೋಡಿದ್ರೆ ಗೊತ್ತಾಗತ್ತೆ.

ಇನ್ನೊಂದು, ನನ್ನ ಗಾಡಿ ಒಂದಿನ ಬೆಳಗ್ಗೆ ಡೋರೇ ಓಪನ್ ಆಗ್ಲಿಲ್ಲ. ದೊಡ್ಡ ಬ್ಯಾಟರಿ 70 ಪರ್ಸೆಂಟ್ ಇದೆ, ಆದ್ರೆ ಒಳಗಿರೋ ಮಾಮೂಲಿ 12 ವೋಲ್ಟ್ ಸಣ್ಣ ಬ್ಯಾಟರಿ ಸತ್ತಿತ್ತು. ಸರ್ವಿಸ್ ಸೆಂಟರಲ್ಲಿ ಒಂಬತ್ತು ದಿನ ಇಟ್ಕೊಂಡ್ರು. ಯಾವ ಕಂಪನಿ ಅಂತ ಹೇಳಲ್ಲ, ಕೇಳ್ಬೇಡಿ. ಹೇಳೋದಿಷ್ಟೇ, ಫೀಚರ್ ಲಿಸ್ಟ್ ನೋಡೋ ಟೈಮಲ್ಲಿ ಒಂದ್ಸಲ ನಿಮ್ಮ ಏರಿಯಾ ಸರ್ವಿಸ್ ಸೆಂಟರ್ ಗೇಟ್ ಹತ್ರ ಹೋಗಿ ನಿಂತ್ಕೊಳಿ, ಗಾಡಿ ವಾಪಸ್ ತಗೊಂಡು ಹೋಗೋರ ಮುಖ ನೋಡಿ.

ವಿಜಯನಗರ_ಮಲ್ನಾಡಿಗ:

ಏಳನೇ ಮಹಡಿ ಸರ್ 😄 ಹೆದರಿಸ್ತಿದೀರಲ್ಲ. ನಮ್ದು ಬಾಡಿಗೆ ಮನೆ, ಗ್ರೌಂಡ್ ಫ್ಲೋರು, ಓನರ್ ಆಂಟಿ ಮೇಲಿದಾರೆ. ಕಾಂಪೌಂಡ್ ಒಳಗೆ ಒಂದ್ ಗಾಡಿ ನಿಲ್ಲತ್ತೆ, ನಲ್ಲಿ ಪಕ್ಕ 15 ಆಂಪ್ಸ್ ಸಾಕೆಟ್ ಇದೆ, ಅದು ನೀರಿನ ಮೋಟರ್‌ಗೆ ಹಾಕಿರೋದು. ನಮ್ಮ ಮೀಟರ್ ಬೇರೆ ಇದೆ, ತಿಂಗಳಿಗೆ 110 ಯೂನಿಟ್ ಬರತ್ತೆ, ಗೃಹಜ್ಯೋತಿಲಿ ಬಿಲ್ ಸೊನ್ನೆ. ಗಾಡಿ ಚಾರ್ಜ್ ಮಾಡಿದ್ರೆ ಆ ಸೊನ್ನೆ ಹೋಗ್ಬಿಡತ್ತಾ? ಮನೇಲಿ ಎಲ್ರೂ ಕೇಳ್ತಿರೋದು ಇದೇ ಪ್ರಶ್ನೆ, ಹದಿನೈದು ಲಕ್ಷದ ಗಾಡಿಗಿಂತ ಸೊನ್ನೆ ಬಿಲ್ಲಿನ ಚಿಂತೆ ಜಾಸ್ತಿ ಆಗಿದೆ.

ಕರೆಂಟ್ ಕಲ್ಲೇಶಿ:

ಹೋಗತ್ತೆ. ಸಿಟಿ ಓಡಾಟಕ್ಕೇ 140 ಯೂನಿಟ್ ಸೇರತ್ತೆ, 200 ದಾಟಿದ್ರೆ ಹೆಚ್ಚಿಗೆ ಆಗಿದ್ದಕ್ಕೆ ಮಾತ್ರ ಅಲ್ಲ, ಪೂರ್ತಿ ಬಿಲ್ ಕಟ್ಬೇಕು. 250 ಯೂನಿಟ್ ಅಂದ್ರೆ ಫಿಕ್ಸೆಡ್ ಚಾರ್ಜ್ ಸೇರಿ ಎರಡು ಸಾವಿರದ ಆಸುಪಾಸು. ಅಷ್ಟಾದ್ರೂ ಪೆಟ್ರೋಲ್ ಬಂಕಲ್ಲಿ ಕೊಡೋದಕ್ಕಿಂತ ಎಷ್ಟೋ ಕಮ್ಮಿ, ಆದ್ರೆ ಸೊನ್ನೆ ಕಳ್ಕೊಳೋ ಸಂಕಟಕ್ಕೆ ಔಷಧಿ ಬೇರೆ ಇದೆ. ಬೆಸ್ಕಾಂನಲ್ಲಿ ಇವಿ ಚಾರ್ಜಿಂಗ್‌ಗೆ ಅಂತಲೇ ಬೇರೆ ಮೀಟರ್ ತಗೋಬಹುದು, ಅದರ ರೇಟೂ ಬೇರೆ, ಮನೆ ಮೀಟರ್ ಹಂಗೇ ಇರತ್ತೆ. ಬಾಡಿಗೆ ಮನೆ ಆದ್ರಿಂದ ಓನರ್ ಒಪ್ಪಿಗೆ ಬೇಕಾಗತ್ತೆ. ಇವತ್ತೇ ಮೇಲೆ ಹೋಗಿ ಮಾತಾಡಿ.

ಮೋಟರ್ ಸಾಕೆಟಲ್ಲಿ ಮಾತ್ರ ಹಂಗೇ ಚುಚ್ಚಬೇಡಿ. ಮೋಟರ್ ಓಡೋದು ಅರ್ಧ ಗಂಟೆ, ಗಾಡಿ ಎಳೆಯೋದು ರಾತ್ರಿ ಪೂರ್ತಿ 3 ಕಿಲೋವ್ಯಾಟ್. ಹಳೇ ವೈರಾದ್ರೆ ಬಿಸಿಯಾಗಿ ಸಾಕೆಟ್ ಕರಗತ್ತೆ. ಮೀಟರಿಂದ ನೇರ ಹೊಸ ವೈರು, ಬೇರೆ ಎಂಸಿಬಿ (ಲೋಡ್ ಜಾಸ್ತಿಯಾದ್ರೆ ತಾನೇ ಬೀಳೋ ಸ್ವಿಚ್ಚು), ಸರಿಯಾದ ಅರ್ತಿಂಗು.

ಪುತ್ತೂರ್ದ ಮಾಣಿ:

ಅರ್ತಿಂಗ್ ಅಂದ್ರಲ್ಲ, ಆ ಕತೆ ನಾನು ಹೇಳ್ತೇನೆ ಮಾರಾಯ್ರೆ. ನನ್ನದು ನೆಕ್ಸಾನ್, ಮೊದಲ ಸಲ ಬೆಂಗಳೂರಿಂದ ಊರಿಗೆ ತಂದದ್ದು ಏಪ್ರಿಲಲ್ಲಿ. ಶಿರಾಡಿ ಇಳಿಯುವಾಗ ಪರ್ಸೆಂಟ್ ಕಮ್ಮಿ ಆಗುದು ಬಿಡಿ, ಗುಂಡ್ಯಕ್ಕೆ ಬರುವಾಗ ಒಂದು ಪಾಯಿಂಟ್ ಜಾಸ್ತಿಯೇ ಆಗಿತ್ತು, ನಾನು ದೊಡ್ಡ ವಿಜ್ಞಾನಿಯ ಹಾಗೆ ಹೆಂಡತಿಗೆ ವಿವರಿಸಿದ್ದೂ ವಿವರಿಸಿದ್ದೇ. ಮನೆಗೆ ಬಂದು ಪ್ಲಗ್ ಹಾಕಿದ್ರೆ ಚಾರ್ಜರಲ್ಲಿ ಕೆಂಪು ಲೈಟು. ಮೂರು ಪ್ಲಗ್ಗಲ್ಲಿ ಹಾಕಿ ನೋಡಿದೆ, ಮೂರರಲ್ಲೂ ಕೆಂಪೇ. ನಮ್ಮ ಇಲೆಕ್ಟ್ರಿಷಿಯನ್ ಬಂದು ನೋಡಿದ್ರೆ ಅಪ್ಪನ ಕಾಲದ ಅರ್ತ್ ಗುಂಡಿ, ಬೇಸಿಗೆಗೆ ಒಣಗಿ ಹೋಗಿತ್ತು. ಎರಡು ಕೊಡಪಾನ ನೀರು, ಉಪ್ಪು, ಇದ್ದಿಲು ಹಾಕಿ ಒಂದು ಗಂಟೆ ಬಿಟ್ಟು ಹಾಕಿದಾಗ ಹಸಿರು ಬಂತು. ಗಾಡಿಯದ್ದು ತಪ್ಪೇ ಅಲ್ಲ, ಅರ್ತ್ ಸರಿ ಇಲ್ಲದ್ರೆ ಅದು ಕರೆಂಟ್ ತಗೊಳ್ಳುದೇ ಇಲ್ಲ, ತಗೊಳ್ಳಲೂಬಾರದು. ನಿಮ್ಮ ತೀರ್ಥಹಳ್ಳಿ ಮನೆದು ಮೊದಲೇ ಚೆಕ್ ಮಾಡಿಸಿ, ಬೆಂಗಳೂರಿನದ್ದು ಮಾತ್ರ ಸಾಲುದಿಲ್ಲ.

ಮತ್ತೆ ಆಗುಂಬೆ ಇಳಿಯುವ ಅಂದಾಜುಂಟಾದ್ರೆ ಮೇಲೆ ಫುಲ್ ನೂರು ಮಾಡಿಕೊಂಡು ಹೊರಡಬೇಡಿ. ಬ್ಯಾಟರಿ ತುಂಬಿದ್ರೆ ರೀಜನ್, ಅಂದ್ರೆ ಇಳಿಯುವಾಗ ಚಕ್ರದಿಂದ ಬ್ಯಾಟರಿಗೆ ಕರೆಂಟ್ ವಾಪಸ್ ಹೋಗುದು, ಹಿಡಿಯುದಿಲ್ಲ, ಪೂರ್ತಿ ಬ್ರೇಕಲ್ಲೇ ಇಳಿಸ್ಬೇಕು.

ಫೀಚರ್ ವಿಷಯದಲ್ಲಿ ನಾನು ಕಲ್ಲೇಶಿಯವರಿಗೆ ಪೂರ್ತಿ ಒಪ್ಪುದಿಲ್ಲ. ಸನ್‌ರೂಫ್ ದಂಡ, ಮಳೆಗಾಲದಲ್ಲಿ ತೆಗೀಲಿಕ್ಕಾಗುದಿಲ್ಲ, ಬೇಸಿಗೆಯಲ್ಲಿ ತೆಗೀಲಿಕ್ಕೆ ಮನಸ್ಸಾಗುದಿಲ್ಲ. ಆದ್ರೆ ವಿ2ಎಲ್ ಅಂತ ಒಂದುಂಟು, ಗಾಡಿಯ ಬ್ಯಾಟರಿಯಿಂದ ಹೊರಗೆ ಕರೆಂಟ್ ತೆಗೆಯುದು. ಹೋದ ಜುಲೈಯಲ್ಲಿ ಲೈನಿನ ಮೇಲೆ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲ. ಇನ್ವರ್ಟರ್ ಮಲಗಿತು. ಗಾಡಿಯನ್ನು ಜಗಲಿಯ ಹತ್ತಿರ ತಂದು ವಯರ್ ಎಳೆದು ಫ್ರಿಜ್ಜು ಓಡಿಸಿದೆ, ಅಮ್ಮ ಕೂಡ್ಲೇ ಮಿಕ್ಸಿ ತಂದಿಟ್ರು. ಕಾರಿನಿಂದ ಚಟ್ನಿ! ಮಲೆನಾಡಿನವರಿಗೆ ಇದು ಬೇಕು. ಯಾವ ವೇರಿಯಂಟಲ್ಲಿ ಬರ್ತದೆ, ಅಡಾಪ್ಟರಿಗೆ ಬೇರೆ ದುಡ್ಡಾ ಅಂತ ಕೇಳಿಯೇ ಬುಕ್ ಮಾಡಿ.

ಇನ್ನು ನಿಮ್ಮ ಅಪ್ಪಯ್ಯನ ಮಂಡಿ. ಪೆಟ್ರೋಲ್ ಗಾಡಿಯನ್ನೇ ಇವಿ ಮಾಡಿದ್ರಲ್ಲಿ ಅಡಿಗೆ ಬ್ಯಾಟರಿ ಇರುವ ಕಾರಣ ಹಿಂದೆ ಕೂತ್ರೆ ನೆಲ ಎತ್ತರ ಅನಿಸ್ತದೆ, ಮೊಣಕಾಲು ಮೇಲೆ ಬರ್ತದೆ. ಐದು ನಿಮಿಷದ ಟೆಸ್ಟ್ ಡ್ರೈವಲ್ಲಿ ಗೊತ್ತಾಗುದಿಲ್ಲ. ಅವರನ್ನೇ ಕರ್ಕೊಂಡು ಹೋಗಿ ಅರ್ಧ ಗಂಟೆ ಹಿಂದೆ ಕೂರಿಸಿ. ಈ ಒಂದು ವಿಷಯದಲ್ಲಿ ವಿಂಡ್ಸರ್ ಗೆಲ್ತದೆ, ನಿಮ್ಮ ಮನೆಯವರು ಸುಮ್ಮನೆ ಅಲ್ಲಿ ಕೂತದ್ದಲ್ಲ.

ವಿಜಯನಗರ_ಮಲ್ನಾಡಿಗ:

ಅಪ್‌ಡೇಟ್. ಅಪ್ಪಯ್ಯ ಹೋದ ವಾರ ಬಂದಿದ್ರು, ಎರಡರಲ್ಲೂ ಕೂರ್ಸಿದ್ವಿ. ವಿಂಡ್ಸರಲ್ಲಿ ಆರಾಮಾಗಿ ಒರಗಿ ಕಣ್ಣು ಮುಚ್ಕೊಂಡ್ರು, ಸೇಲ್ಸ್ ಹುಡುಗಂಗೆ ಖುಷಿಯೋ ಖುಷಿ. ನೆಕ್ಸಾನಲ್ಲಿ ಹಿಂದೆ ಕೂತು ಎರಡೇ ನಿಮಿಷಕ್ಕೆ ಇಳಿದು, ಮುಂದಿನ ಸೀಟಲ್ಲಿ ಕೂತ್ಕೊಂಡು, "ನಾನು ಯಾವತ್ತು ಹಿಂದೆ ಕೂತಿದೀನಾ, ರಸ್ತೆ ಕಾಣ್ಬೇಕಲ್ಲ" ಅಂದ್ರು. ಅಲ್ಲಿಗೆ ಆ ಪ್ರಶ್ನೆ ಮುಗೀತು, ನೆಕ್ಸಾನ್ 45 ಅಂತ ಆಗಿದೆ. ಮಗ ಎರಡು ದಿನ ಮಾತಾಡ್ಲಿಲ್ಲ. ನಮ್ಮನೆಯವಳು ಇನ್ನೂ ಪೂರ್ತಿ ಮಾತಾಡ್ತಿಲ್ಲ.

ಓನರ್ ಆಂಟಿ ಹತ್ರ ಹೋಗಿದ್ದೆ. ಬೇರೆ ಮೀಟರ್ ಹಾಕ್ಸ್ಕೊಳಪ್ಪ, ಖರ್ಚು ನಿಂದು, ಮನೆ ಬಿಡೋವಾಗ ಮೀಟರ್ ಇಲ್ಲೇ ಬಿಟ್ಟು ಹೋಗ್ಬೇಕು ಅಂದ್ರು. ಸರಿ ಆಂಟಿ ಅಂದೆ. ಮೆಟ್ಟಿಲು ಇಳೀತಿದ್ದೆ, ಮೇಲಿಂದ ಕರೆದು, "ನಮ್ಮ ಹುಡುಗನ ಸ್ಕೂಟರೂ ಅದ್ರಲ್ಲೇ ಹಾಕ್ಕೊಬಹುದಾ?" ಅಂತಾರೆ.

ಹುಬ್ಬಳ್ಳಿ ಮಂದಿ:

ಚಾರ್ಜಿಂಗ್ ಡಬ್ಬಿಗೆ ಕೀಲಿ ಹಾಕಸ್ರಿ ಸರ. ಕೀಲಿಕೈ ನಿಮ್ಮ ಮನಿಯವ್ರ ಕೈಯಾಗ ಕೊಡ್ರಿ, ಮಾತಾಡಾಕ ಸುರು ಮಾಡ್ತಾರ.