ಕರುಳಿನ ಶಸ್ತ್ರಚಿಕಿತ್ಸೆಯ ನಂತರ ಊಟ ಹಿಡಿಸುತ್ತಿಲ್ಲ: ಅನುಭವಸ್ಥರ ಸಲಹೆ ಬೇಕು

ನಮ್ಮದು ಬ್ರಹ್ಮಾವರ. ತಂದೆಯವರ ದೊಡ್ಡ ಕರುಳಿನ ಬಲಭಾಗವನ್ನು ತೆಗೆದು ತಿಂಗಳು ಕಳೆಯಿತು. ಗಾಯ ಒಣಗಿದೆ, ಆದರೆ ಅರ್ಧ ಬಟ್ಟಲು ಗಂಜಿಗೇ ಹೊಟ್ಟೆ ಉಬ್ಬರಿಸುತ್ತದೆ, ಎರಡು ದಿನ ಮಲಬದ್ಧತೆಯಾದರೆ ಮರುದಿನ ಭೇದಿ. ಇದು ಸಹಜವೇ? ತಿಳಿದವರು ದಯವಿಟ್ಟು ತಿಳಿಸಿ.

ಮಂಗಳೂರಿನಿಂದ: ನನ್ನ ತಾಯಿಯವರಿಗೂ ಇದೇ ಶಸ್ತ್ರಚಿಕಿತ್ಸೆಯಾಗಿತ್ತು. ಸಣ್ಣ ಕರುಳು ಸಾಮಾನ್ಯವಾಗಿ ಒಂದು ದಿನದೊಳಗೆ ಚಲಿಸತೊಡಗುತ್ತದೆ, ದೊಡ್ಡ ಕರುಳಿಗೆ ಎರಡು ಮೂರು ದಿನ ಬೇಕು; ಆದರೆ ಚಲನೆ ಬಂದ ಮಾತ್ರಕ್ಕೆ ಹಿಂದಿನ ಹದ ಬಂದಂತಲ್ಲ, ಅದಕ್ಕೆ ಕೆಲವು ತಿಂಗಳುಗಳೇ ಹಿಡಿಯಬಹುದು. ಗಂಜಿಯೇ ಪಥ್ಯವೆಂಬುದು ನಮ್ಮೂರಿನ ಸಿದ್ಧಾಂತವಾದರೂ ತವುಡು ಉಳಿದಿರುವ ಕೆಂಪು ಕುಚ್ಚಲಕ್ಕಿ ಅವರಿಗೆ ಒಗ್ಗಲಿಲ್ಲ. ಆಹಾರತಜ್ಞೆಯ ಸಲಹೆಯಂತೆ ಬೆಳ್ತಿಗೆ ಅಕ್ಕಿಯನ್ನು ಎರಡು ಬೆರಳ ನಡುವೆ ಹಿಸುಕಿದರೆ ಅಗುಳು ಉಳಿಯದಷ್ಟು ಬೇಯಿಸಿ, ತೆಳು ಮಜ್ಜಿಗೆಯನ್ನೂ ಉಪ್ಪನ್ನೂ ಬೆರೆಸಿ, ಎರಡೆರಡು ಗಂಟೆಗೊಮ್ಮೆ ಸಣ್ಣ ಲೋಟದಷ್ಟೇ ಕೊಟ್ಟೆವು. ಬಳಿಕ ನೀರುದೋಸೆ, ಖಾರವಿಲ್ಲದೆ ಬೇಯಿಸಿದ ಕಾಣೆ ಮೀನು. ಬಸಳೆ, ಹಲಸು, ಹುರುಳಿ ಸಾರು ಎಲ್ಲಕ್ಕಿಂತ ಕೊನೆಗೆ, ಅದೂ ದಿನಕ್ಕೊಂದೇ ಹೊಸ ಪದಾರ್ಥದಂತೆ. ನೋಡಲು ಬಂದ ನೆಂಟರು ಪ್ರೀತಿಯಿಂದ ತಂದ ಪತ್ರೊಡೆಯನ್ನು ಮಾತ್ರ ನಾವೇ ತಿಂದು ಮುಗಿಸಿದೆವು.

ಉಡುಪಿಯಿಂದ: ಮಾತ್ರೆಗಳ ಚೀಟಿಯನ್ನೂ ಒಮ್ಮೆ ನೋಡಿ. ನೋವಿಗೆ ಕೊಡುವ ಟ್ರಮಡಾಲ್, ರಕ್ತಹೀನತೆಗೆ ಕೊಡುವ ಕಬ್ಬಿಣಾಂಶದ ಮಾತ್ರೆ ಎರಡೂ ಮಲಬದ್ಧತೆ ತರುತ್ತವೆ. ನೀವಾಗಿಯೇ ನಿಲ್ಲಿಸದೆ ವೈದ್ಯರನ್ನು ಕೇಳಿ. ಊಟವಾದೊಡನೆ ಮಲಗುವ ಬದಲು ಅಂಗಳದಲ್ಲಿ ಮೆಲ್ಲನೆ ನಡೆಯುತ್ತಿದ್ದುದು ನನ್ನ ಹೊಟ್ಟೆಯುಬ್ಬರಕ್ಕೆ ಯಾವ ಕಷಾಯಕ್ಕಿಂತಲೂ ಹೆಚ್ಚು ಉಪಕಾರ ಮಾಡಿತು.

ಮಣಿಪಾಲದಿಂದ, ದಾದಿಯಾಗಿ ದುಡಿದವಳ ಮಾತು: ಬಲಭಾಗವನ್ನು ತೆಗೆಯುವಾಗ ಸಣ್ಣ ಕರುಳಿನ ತುದಿಯೂ ಸ್ವಲ್ಪ ಹೋಗುತ್ತದೆ. ಪಿತ್ತದ ಆಮ್ಲಗಳನ್ನೂ ಬಿ12 ಜೀವಸತ್ವವನ್ನೂ ಹೀರಿಕೊಳ್ಳುವುದು ಆ ತುದಿಯೇ. ಹೀರಲ್ಪಡದ ಪಿತ್ತಾಮ್ಲ ದೊಡ್ಡ ಕರುಳಿಗಿಳಿದರೆ ನೀರಿನಂತಹ ಭೇದಿಯಾಗುತ್ತದೆ. ಇದಕ್ಕೆ ಬೇರೆಯೇ ಔಷಧವಿರುವುದರಿಂದ ಭೇದಿ ಮುಂದುವರಿದರೆ ಇದು ಪಿತ್ತಾಮ್ಲದಿಂದ ಆಗುತ್ತಿದೆಯೇ ಎಂದು ನೇರವಾಗಿ ಕೇಳಿ, ಬಿ12 ಪರೀಕ್ಷೆಯ ಅಗತ್ಯವನ್ನೂ ವಿಚಾರಿಸಿ. ಆದರೆ ಹೊಟ್ಟೆ ಬಿಗಿದು ಊದಿ, ಗಾಳಿಯೂ ಸರಿಯದೆ, ಹಸಿರು ವಾಂತಿಯಾದರೆ ಅಥವಾ ಜ್ವರದೊಡನೆ ಹೊಟ್ಟೆನೋವು ಹೆಚ್ಚುತ್ತಿದ್ದರೆ, ಬಾಯಿಗೆ ಏನನ್ನೂ ಕೊಡದೆ, ಬೆಳಗಾಗಲೆಂದು ಕಾಯದೆ, ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಡಿಸ್ಚಾರ್ಜ್ ಕಾರ್ಡಿನೊಂದಿಗೆ ಕರೆದೊಯ್ಯಿರಿ.