ಜನ ಸೇರೋ ಕಡೆ ಹೋಗೋ ಹಾಗಿಲ್ಲ, ಸಂಗೀತ ಬಿಡೋಕೆ ಮನಸ್ಸಿಲ್ಲ: ಲಾಕ್‌ಡೌನ್‌ನಲ್ಲಿ ನೀವು ಹೇಗೆ ನಿಭಾಯಿಸಿದ್ರಿ?

ವಿಜಯನಗರದಿಂದ, ಪ್ರಶ್ನೆ

ಅಮ್ಮನಿಗೆ ಹೋದ ತಿಂಗಳು ಕಿಡ್ನಿ ಕಸಿ ಆಯ್ತು. ಆಪರೇಷನ್ ಚೆನ್ನಾಗೇ ಆಗಿದೆ. ಆದ್ರೆ ಹೊಸ ಕಿಡ್ನಿಯನ್ನ ಮೈ ತಿರಸ್ಕರಿಸದೆ ಇರಲಿ ಅಂತ ಕೊಡೋ ಮಾತ್ರೆಗಳಿಂದ ರೋಗನಿರೋಧಕ ಶಕ್ತಿ ಕಮ್ಮಿ ಇರುತ್ತೆ, ಸದ್ಯಕ್ಕೆ ಜನ ಸೇರೋ ಕಡೆ ಬೇಡವೇ ಬೇಡ ಅಂದಿದ್ದಾರೆ ಡಾಕ್ಟರ್. ಅಮ್ಮ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿಗಳನ್ನ, ಚಿತ್ರಸಂತೆಯನ್ನ ತಪ್ಪಿಸಿದವರೇ ಅಲ್ಲ. ಈಗ ಮೊಬೈಲ್ ಕೈಗೆ ಕೊಟ್ರೆ ಸ್ವಲ್ಪ ಹೊತ್ತು ನೋಡಿ ಪಕ್ಕಕ್ಕಿಡ್ತಾರೆ. ಅವರಿಗೊಂದು ಸೀನು ಬಂದ್ರೂ ಮನೆಯವರೆಲ್ಲ ಗಾಬರಿ ಆಗ್ತೀವಿ. 2020, 2021ರಲ್ಲಿ ನೀವೆಲ್ಲ ಮನೆಯಲ್ಲೇ ಕೂತು, ಕಾಯಿಲೆ ಭಯದ ಮಧ್ಯೆ ಹಾಡು, ಚಿತ್ರ ಅಂತ ಹೇಗೆ ಮನಸ್ಸು ಉಳಿಸಿಕೊಂಡ್ರಿ? ಏನು ಕೆಲಸಕ್ಕೆ ಬಂತು, ಏನು ಬರಲಿಲ್ಲ, ಎರಡೂ ಹೇಳಿ.

ಬಸವನಗುಡಿಯಿಂದ

ನಿಮ್ಮ ತಾಯಿ ಮೊಬೈಲ್ ಪಕ್ಕಕ್ಕಿಡೋದು ಸಹಜ ಕಣಮ್ಮ. ಕಚೇರಿಗೆ ಹೋಗೋರು ಬರೀ ಹಾಡು ಕೇಳೋಕೆ ಹೋಗಲ್ಲ. ಆರೂವರೆ ಅಂದ್ರೆ ಆರೂಕಾಲಿಗೆ ಕೂತಿರಬೇಕು, ಒಳ್ಳೆ ಸೀರೆ ಉಟ್ಟಿರಬೇಕು, ಆಲಾಪನೆ ಶುರುವಾದಾಗ "ಇದು ಪೂರ್ವಿಕಲ್ಯಾಣಿನಾ, ಪಂತುವರಾಳಿನಾ" ಅಂತ ಪಿಸುಗುಟ್ಟೋಕೆ ಪಕ್ಕದಲ್ಲಿ ಒಬ್ಬರು ಬೇಕು. ಮೊಬೈಲು ಹಾಡನ್ನ ಮಾತ್ರ ಕೊಡುತ್ತೆ, ಮಿಕ್ಕಿದ್ದನ್ನೆಲ್ಲ ನಾವೇ ಮಾಡ್ಕೋಬೇಕು.

ನಮ್ಮ ಯಜಮಾನರಿಗೆ 2019ರಲ್ಲಿ ಬೈಪಾಸ್ ಆಗಿತ್ತು. ಅದರ ಬೆನ್ನಿಗೇ ಕೊರೊನಾ. ಮಾರ್ಚ್ 25ಕ್ಕೆ ಲಾಕ್‌ಡೌನ್, ಏಪ್ರಿಲ್ 2ಕ್ಕೆ ರಾಮನವಮಿ. 1939ರಿಂದ ಚಾಮರಾಜಪೇಟೆ ಕಂಡ ಉತ್ಸವ ಅದು. ಆ ಸಲ ನಾವು ಹಾಲಿನ ಪ್ಯಾಕೆಟ್ಟನ್ನ ಸೋಪಿನ ನೀರಲ್ಲಿ ತೊಳೀತಾ ಮನೆಯಲ್ಲೇ ಇದ್ವಿ. ಎಲ್ಲಾ ಕಡೆಯಿಂದ ಲಿಂಕು ಬರ್ತಿತ್ತು, ಯಾರ ಕಚೇರಿ ಬೇಕಾದ್ರೂ ಪುಕ್ಕಟೆ. ಅಷ್ಟಿದ್ರೂ ಒಂದು ಪಲ್ಲವಿ ಪೂರ್ತಿ ಕೇಳೋಕೆ ಆಗ್ತಿರಲಿಲ್ಲ. ಮಧ್ಯೆ ಒಂದು ಮೆಸೇಜು, ಯಾರಿಗೋ ಪಾಸಿಟಿವ್ ಅಂತ. ಅಲ್ಲಿಗೆ ಮುಗೀತು.

ಆಮೇಲೆ ನಾನೂ ಮೈಸೂರಿನಲ್ಲಿರೋ ನಮ್ಮ ನಾದಿನಿಯೂ ಸೇರಿ ಒಂದು ಕ್ರಮ ಮಾಡಿಕೊಂಡ್ವಿ. ವಾರಕ್ಕೆ ಒಂದೇ ಕಚೇರಿ, ಶನಿವಾರ ಸಂಜೆ. ಒಂದು ವಾರ ಆರಿಸೋ ಜವಾಬ್ದಾರಿ ಅವಳದು, ಇನ್ನೊಂದು ವಾರ ನಂದು. ಆರಿಸಿದವರು ಏನೇನು ಹಾಡ್ತಾರೆ ಅನ್ನೋ ಗುಟ್ಟು ಬಿಟ್ಟುಕೊಡೋ ಹಾಗಿಲ್ಲ. ಫೋನ್ ಮಾಡಿ ಇಬ್ಬರೂ ಒಟ್ಟಿಗೆ ಶುರು ಮಾಡೋದು, ತಕ್ಷಣ ಫೋನ್ ಇಡೋದು. ಟಿವಿಗೆ ಸ್ಪೀಕರ್ ಹಾಕಿ, ಚಿತ್ರ ಕಾಣದ ಹಾಗೆ ಮಾಡಿ, ಒಂದು ನೋಟ್‌ಬುಕ್ಕಲ್ಲಿ ರಾಗ ಏನು ಅನ್ನಿಸ್ತು ಅಂತ ಬರೀತಾ ಹೋಗೋದು. ತನಿ ಆವರ್ತನ, ಅಂದ್ರೆ ಮೃದಂಗದವರು ತಾವಾಗೇ ನುಡಿಸೋ ಭಾಗ, ಮುಗಿದ ಮೇಲೆ ಮತ್ತೆ ಫೋನು, ಬರೆದದ್ದನ್ನ ಹೋಲಿಸಿ ನೋಡೋಕೆ. ತನಿಗೆ ಯಾರೂ ಕಾಫಿ ನೆಪದಲ್ಲಿ ಎದ್ದು ಹೋಗಬಾರದು, ಅದು ನಮ್ಮ ಯಜಮಾನರ ಕಟ್ಟುನಿಟ್ಟು. ಅವರು ಕೂತಲ್ಲೇ ತಾಳ ಹಾಕೋರು. ಎದೆ ಸೀಳಿ ಹೊಲಿದಿದ್ದ ಮನುಷ್ಯ ತೊಡೆ ತಟ್ಟಿಕೊಂಡು ಖಂಡ ಚಾಪು ತಾಳದ ಲೆಕ್ಕ ಹಾಕೋದು ನೋಡಿ ನನಗೆ ಎಷ್ಟು ಧೈರ್ಯ ಬಂತು ಅಂತ ಹೇಳೋಕಾಗಲ್ಲ.

ಸಮಯವನ್ನೂ ಯೋಚಿಸಿಯೇ ಇಟ್ಟುಕೊಂಡಿದ್ವಿ. ದಿನಾ ಸಂಜೆ ಆರೋಗ್ಯ ಇಲಾಖೆ ಬುಲೆಟಿನ್ ಬರ್ತಿತ್ತಲ್ಲ, ಇಷ್ಟು ಜನಕ್ಕೆ ಬಂತು, ಇಷ್ಟು ಜನ ಹೋದ್ರು ಅಂತ, ಸರಿಯಾಗಿ ಆ ಹೊತ್ತಿಗೇ ಕಚೇರಿ. ನಿಮ್ಮ ತಾಯಿಗೆ ಕಸಿಯ ಮಾತ್ರೆ ಹನ್ನೆರಡು ಗಂಟೆಗೊಮ್ಮೆ ಕೊಡ್ತಿದ್ರೆ, ಸಂಜೆ ಮಾತ್ರೆ ಆದ ಮೇಲಿನ ಹೊತ್ತನ್ನ ಕಚೇರಿಗೆ ಇಡಿ. ಗಡಿಯಾರ ನೋಡಿದಾಗ ಮಾತ್ರೆ ಒಂದೇ ನೆನಪಾಗೋದು ತಪ್ಪುತ್ತೆ.

ಮಿಕ್ಕ ದಿನ ರೇಡಿಯೋ. ಆಗ ಅಮೃತವರ್ಷಿಣಿ ಎಫ್‌ಎಂ ಹಾಕಿಡ್ತಿದ್ವಿ. ರೇಡಿಯೋದಲ್ಲಿ ಆರಿಸೋ ತಾಪತ್ರಯ ಇಲ್ಲ, ಬಂದದ್ದನ್ನ ಕೇಳೋದು. ಹುಷಾರಿಲ್ಲದವರಿಗೆ ಅದೇ ದೊಡ್ಡ ಉಪಕಾರ.

ಮಲ್ಲೇಶ್ವರದಿಂದ

ನಾನು ಸಂಗೀತ ಪಾಠ ಹೇಳೋಳು. ಬರೀ ಕೇಳಿಸೋ ಬದಲು ಅಮ್ಮನ ಕೈಲಿ ಹಾಡಿಸಿ ಅಂತ ನನ್ನ ಸಲಹೆ. 2020ರ ಬೇಸಿಗೆಯಲ್ಲಿ ಪಾಠವನ್ನೆಲ್ಲ ವಿಡಿಯೋ ಕಾಲ್‌ಗೆ ತಂದಾಗ ನನ್ನ ಹತ್ರ ಹೊಸದಾಗಿ ಸೇರಿದವರಲ್ಲಿ ಅರವತ್ತು ದಾಟಿದ ಹೆಂಗಸರೇ ಹೆಚ್ಚು. ಚಿಕ್ಕಂದಿನಲ್ಲಿ ಸರಳೆ ವರಸೆಗೆ ನಿಂತುಹೋದವರು, ಮತ್ತೆ ಅಲ್ಲಿಂದಲೇ ಶುರು ಮಾಡಿದ್ರು.

ಒಂದು ತಾಂತ್ರಿಕ ವಿಷಯ ಗೊತ್ತಿರಲಿ. ಈ ಕಾಲ್‌ಗಳು ಮಾತಿಗೆ ಅಂತ ಮಾಡಿದಂಥವು. ಒಂದೇ ಸಮ ಬರೋ ಸದ್ದನ್ನೆಲ್ಲ ಫ್ಯಾನಿನ ಸದ್ದು ಅಂದುಕೊಂಡು ಅಳಿಸಿಹಾಕುತ್ವೆ. ತಂಬೂರಿ ಒಂದೇ ಸಮ ಬರೋ ಸದ್ದೇ ಅಲ್ವಾ? ನಾನು ಇಲ್ಲಿ ಶ್ರುತಿ ಹಾಕಿದ್ರೆ ಆ ಕಡೆ ಚೂರೂ ಕೇಳಲ್ಲ. ಷಡ್ಜ ಹಿಡಿದು ನಿಂತ್ರೆ ಅದನ್ನೂ ಸ್ವಲ್ಪ ಹೊತ್ತಿಗೆ ಸವೆಸಿಬಿಡುತ್ತೆ. ಜೂಮ್‌ನಲ್ಲಿ ಒರಿಜಿನಲ್ ಸೌಂಡ್ ಅಂತ ಒಂದು ಆಯ್ಕೆ ಇದೆ, ಅದನ್ನ ಆನ್ ಮಾಡಿ. ಅದಕ್ಕಿಂತ ಒಳ್ಳೇದು, ಶಿಷ್ಯರೇ ತಮ್ಮ ಮನೆಯಲ್ಲಿ ತಂಬೂರಿ ಆಪ್ ಅಥವಾ ಶ್ರುತಿ ಪೆಟ್ಟಿಗೆ ಇಟ್ಟುಕೊಳ್ಳೋದು. ಇನ್ನೊಂದು, ಕೂಡಿ ಹಾಡೋಕೆ ಹೋಗಬೇಡಿ. ದನಿ ಆ ಕಡೆ ತಲುಪೋದು ಕಣ್ಣು ಮಿಟುಕಿಸೋಷ್ಟು ತಡ ಆದ್ರೂ ತಾಳ ಕೂಡಲ್ಲ. ಗುರು ಒಂದು ಸಂಗತಿ, ಅಂದ್ರೆ ಸಾಲನ್ನ ಹಾಡೋ ಒಂದು ಬಗೆ, ಹಾಡಿ ನಿಲ್ಲಿಸಬೇಕು, ಶಿಷ್ಯರು ಮ್ಯೂಟ್ ತೆಗೆದು ಅದನ್ನ ಒಪ್ಪಿಸಬೇಕು. ಇದರಿಂದ ಒಬ್ಬೊಬ್ಬರ ಗಂಟಲೂ ನನಗೆ ಬೇರೆಬೇರೆಯಾಗಿ ಕೇಳಿತು, ಒಟ್ಟಿಗೆ ಕೂರಿಸಿ ಹೇಳಿಕೊಡುವಾಗ ಅಷ್ಟು ಸ್ಪಷ್ಟವಾಗಿ ಕೇಳ್ತಿರಲಿಲ್ಲ.

ಅಮ್ಮನಿಗೆ ಹದಿನೈದು ದಿನಕ್ಕೊಂದು ದೇವರನಾಮ ಸಾಕು. ಆದ್ರೆ ಮೊದಲು ಡಾಕ್ಟರನ್ನ ಕೇಳಿ. ಕಸಿ ಮಾಡಿದ ಕಿಡ್ನಿಯನ್ನ ಹೊಟ್ಟೆಯ ಕೆಳಭಾಗದಲ್ಲಿ, ಮುಂದುಗಡೆ ಕೂರಿಸಿರ್ತಾರೆ. ಗಾಯ ಮಾಯೋ ತನಕ ತಾರಸ್ಥಾಯಿಗೆ ಒತ್ತಡ ಕೊಟ್ಟು ಹಾಡೋದು ಬೇಡ. ಮಂದ್ರದಲ್ಲಿ ಗುನುಗಲಿ.

ರಾಜಾಜಿನಗರದಿಂದ

ನನಗೆ 2021ರ ಮೇನಲ್ಲಿ ಕೋವಿಡ್ ಬಂತು. ಬೆಂಗಳೂರಲ್ಲಿ ಬೆಡ್ಡಿಗೆ, ಆಕ್ಸಿಜನ್ನಿಗೆ ಜನ ಒದ್ದಾಡ್ತಿದ್ದ ದಿನಗಳು. ನಾನು ಮನೆಯಲ್ಲೇ ಒಂದು ರೂಮಲ್ಲಿದ್ದೆ. ಬೆರಳಿಗೆ ಆಕ್ಸಿಮೀಟರ್, 94ಕ್ಕಿಂತ ಕೆಳಗೆ ಹೋದ್ರೆ ಫೋನ್ ಮಾಡಿ ಅಂದಿದ್ರು. ಆ ಅಂಕಿ ನೋಡೋದೇ ಒಂದು ಕೆಲಸ ಆಗಿತ್ತು. ಹಾಡು ಕೇಳೋ ಮನಸ್ಸಿರಲಿಲ್ಲ.

ವಾಸಿಯಾದ ಮೇಲೂ ಮೆಟ್ಟಿಲು ಹತ್ತಿದ್ರೆ ಏದುಸಿರು. ನಮ್ಮಪ್ಪ ಗಮಕ ಓದೋರು, ಅಂದ್ರೆ ಕಾವ್ಯವನ್ನ ರಾಗವಾಗಿ ಓದೋರು, ಕುಮಾರವ್ಯಾಸ ಅಂದ್ರೆ ಪ್ರಾಣ. ಒಂದು ದಿನ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು "ನಾನು ಅರ್ಥ ಹೇಳ್ತೀನಿ, ನೀನು ಪದ್ಯ ಓದು" ಅಂದ್ರು. ಭಾಮಿನಿ ಷಟ್ಪದಿ ಬಲ್ಲವರಿಗೆ ಗೊತ್ತು, ಮೊದಲೆರಡು ಸಾಲು ಹದಿನಾಲ್ಕು ಹದಿನಾಲ್ಕು ಮಾತ್ರೆ (ಅಕ್ಷರ ಹೇಳೋ ಕಾಲದ ಅಳತೆ), ಮೂರನೇದು ಇಪ್ಪತ್ಮೂರು. ಮೊದಲೆರಡು ಸಲೀಸಾಗಿ ಬಂದ್ವು. ಮೂರನೇ ಸಾಲು ಅರ್ಧಕ್ಕೆ ಕಡಿದುಹೋಯ್ತು, ಉಸಿರು ಸಾಲಲಿಲ್ಲ. ಅಪ್ಪ ಏನೂ ಅನ್ನಲಿಲ್ಲ, ಮೊದಲಿಂದ ಶುರು ಮಾಡಿಸಿದ್ರು. ದಿನಾ ಸಂಜೆ ಎರಡು ಪದ್ಯ. ಮಳೆಗಾಲ ಕಳೆಯೋ ಹೊತ್ತಿಗೆ ಅಷ್ಟೇ ಉದ್ದದ ಆರನೇ ಸಾಲು ಕೂಡ ಒಂದೇ ಉಸಿರಿಗೆ ಬರ್ತಿತ್ತು. ಆಕ್ಸಿಮೀಟರ್ ಅಂಕಿಗಿಂತ ನನಗೆ ಆ ಸಾಲಿನ ಮೇಲೆ ನಂಬಿಕೆ ಬಂತು. ಹಾಗಂತ ಔಷಧಿ ಬಿಡಲಿಲ್ಲ, ಫಿಸಿಯೋ ಹೇಳಿದ ವ್ಯಾಯಾಮವೂ ನಡೀತಿತ್ತು.

ಇದು ನನ್ನೊಬ್ಬನ ಹುಚ್ಚಲ್ಲ ಅಂತ ಆಮೇಲೆ ಗೊತ್ತಾಯ್ತು. ಲಂಡನ್ನಿನ ಇಂಗ್ಲಿಷ್ ನ್ಯಾಷನಲ್ ಒಪೆರಾ 2020ರಲ್ಲಿ ಅಲ್ಲಿನ ಇಂಪೀರಿಯಲ್ ಕಾಲೇಜ್ ಆಸ್ಪತ್ರೆಗಳ ಜೊತೆ ಸೇರಿ, ಕೋವಿಡ್ ಆದ ಮೇಲೂ ಉಸಿರಾಟದ ತೊಂದರೆ ಇದ್ದವರಿಗೆ ಆನ್‌ಲೈನ್‌ನಲ್ಲಿ ಹಾಡು ಕಲಿಸಿತು. ಕಲಿಸಿದ್ದು ಜೋಗುಳಗಳನ್ನ. ಅದರ ಫಲಿತಾಂಶ 2022ರಲ್ಲಿ ಲ್ಯಾನ್ಸೆಟ್ ಗುಂಪಿನ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಮನಸ್ಸಿನ ನೆಮ್ಮದಿ ಸುಧಾರಿಸಿತ್ತು, ಉಸಿರುಗಟ್ಟೋ ಅನುಭವವೂ ಒಂದಷ್ಟು ಕಮ್ಮಿಯಾಗಿತ್ತು.

ಜಯನಗರದಿಂದ

ನಾನು ಬೇರೆ ಮಾತು ಹೇಳ್ತೀನಿ, ದಯವಿಟ್ಟು ಬೇಜಾರು ಮಾಡ್ಕೋಬೇಡಿ. 2020ರ ಸೆಪ್ಟೆಂಬರ್ 25ಕ್ಕೆ ಎಸ್‌ಪಿಬಿ ಹೋದ್ರು. ಅವರ ಹಾಡಿಲ್ಲದೆ ನಮ್ಮ ಮನೆಯಲ್ಲಿ ಬೆಳಗಾಗ್ತಿರಲಿಲ್ಲ. ಮರುವರ್ಷ ನಮ್ಮ ಚಿಕ್ಕಪ್ಪನೂ ಹೋದ್ರು, ಅದೇ ಕಾಯಿಲೆ. ಆಮೇಲೆ ಎಷ್ಟೋ ತಿಂಗಳು ನನಗೆ ಸಾಹಿತ್ಯ ಇರೋ ಹಾಡು ಯಾವುದೂ ಕೇಳೋಕಾಗಲಿಲ್ಲ. ವೀಣೆ ಮಾತ್ರ ಕೇಳಿದೆ, ಅದೂ ದೊರೆಸ್ವಾಮಿ ಅಯ್ಯಂಗಾರ್ಯರ ಹಳೇ ರೆಕಾರ್ಡಿಂಗ್. ಅಮ್ಮನಿಗೆ ಬೇಡ ಅನ್ನಿಸಿದ ದಿನ ಸುಮ್ಮನೆ ಬಿಟ್ಟುಬಿಡಿ. ಸಂಗೀತ ಕೇಳಲೇಬೇಕು, ಖುಷಿಯಾಗಿರಲೇಬೇಕು ಅಂತ ಮನೆಯವರು ಹಿಂದೆ ಬಿದ್ರೆ ಅದೂ ಒಂದು ಭಾರವೇ. ಎಷ್ಟು ದಿನವಾದ್ರೂ ಏನೂ ರುಚಿಸ್ತಿಲ್ಲ, ನಿದ್ದೆ ಇಲ್ಲ ಅಂದ್ರೆ ಮಾತ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಕಸಿಯ ಮಾತ್ರೆಗಳಲ್ಲಿ ಸ್ಟೀರಾಯ್ಡ್ ಇದ್ರೆ ಅದರಿಂದಲೂ ನಿದ್ದೆ ಕೆಡುತ್ತೆ, ಅದನ್ನ ಡಾಕ್ಟರ್ ಹತ್ರ ಹೇಳಿ.

ಯಲಹಂಕದಿಂದ

ಚಿತ್ರದ ವಿಷಯಕ್ಕೆ ಬರ್ತೀನಿ. 2021ರ ಜನವರಿಯಲ್ಲಿ ಚಿತ್ರಸಂತೆ ಆನ್‌ಲೈನ್ ಆಯ್ತು. ನಮ್ಮಂಥ ಕಲಾವಿದರು ಅದನ್ನ ನಡೆಸೋ ಚಿತ್ರಕಲಾ ಪರಿಷತ್ತಿಗೆ ಆಭಾರಿಗಳು, ಆ ವರ್ಷ ಅದೂ ಇಲ್ಲದಿದ್ರೆ ತುಂಬಾ ಕಷ್ಟ ಆಗ್ತಿತ್ತು. ಆದ್ರೂ ಕುಮಾರಕೃಪಾ ರಸ್ತೆಯ ಫುಟ್‌ಪಾತಲ್ಲಿ ಚಿತ್ರಗಳನ್ನ ಒರಗಿಸಿ ಕೂತಾಗ ಜನ ಬಗ್ಗಿ ನೋಡಿ ಬೆಲೆ ಕೇಳ್ತಾರಲ್ಲ, ಆ ಮಾತುಕತೆ ಸ್ಕ್ರೀನಿನಲ್ಲಿ ಹುಟ್ಟಲ್ಲ.

ಮನೆಯಲ್ಲಿ ನೋಡೋಕೆ ಒಂದು ದಾರಿ ಇದೆ. ಒಂದು ಸಲಕ್ಕೆ ಒಂದೇ ಚಿತ್ರ. ಕಸ್ತೂರ್‌ಬಾ ರಸ್ತೆಯ ಮ್ಯಾಪ್ ಮ್ಯೂಸಿಯಂ ಕಟ್ಟಡ ತೆರೆದದ್ದು 2023ರಲ್ಲಿ, ಆದ್ರೆ ಅವರು ಅದಕ್ಕೂ ಮುಂಚೆ, 2020ರ ಡಿಸೆಂಬರಲ್ಲೇ ಆನ್‌ಲೈನಲ್ಲಿ ಬಾಗಿಲು ತೆರೆದಿದ್ರು. ಅಂಥ ಕಡೆಯಿಂದ ಒಂದು ಚಿತ್ರ ಆರಿಸಿ, ಆದಷ್ಟು ದೊಡ್ಡದು ಮಾಡಿ, ಒಂದು ಮೂಲೆಯಿಂದ ಶುರು ಮಾಡಿ ನಿಧಾನಕ್ಕೆ ನೋಡ್ತಾ ಹೋಗಿ. ಗ್ಯಾಲರಿಯಲ್ಲಿ ಕಾಣದ ಕುಂಚದ ಎಳೆ ಇಲ್ಲಿ ಕಾಣುತ್ತೆ. ನಮ್ಮ ಅತ್ತೆಗೆ ಮೈಸೂರು ಶೈಲಿ ಚಿತ್ರದ ಒಡವೆಗಳನ್ನ ಹೀಗೆ ತೋರಿಸಿದ್ದೆ. ಚಿನ್ನದ ರೇಕು ಅಂಟಿಸೋಕೆ ಮುಂಚೆ ಗೆಸ್ಸೊ ಅನ್ನೋ ಗಟ್ಟಿ ಲೇಪವನ್ನ ಉಬ್ಬಿಸಿ ಬರೆದಿರ್ತಾರಲ್ಲ, ಆ ಉಬ್ಬು ನೋಡಿ "ಇದು ನಮ್ಮಮ್ಮನ ಅಡ್ಡಿಕೆ ಥರಾನೇ ಇದೆ" ಅಂತ ಶುರು ಮಾಡಿದವರು ತವರಿನ ಒಡವೆ ಕಥೆಯೆಲ್ಲ ಹೇಳಿದ್ರು.

ಅಮ್ಮನ ಕೈಗೆ ಬಣ್ಣ ಕೊಡೋದಾದ್ರೆ ಒಂದು ಎಚ್ಚರಿಕೆ. ಕಸಿ ಆದವರಿಗೆ ಕೊಡೋ ಟ್ಯಾಕ್ರೋಲಿಮಸ್ ಮಾತ್ರೆಯಿಂದ ಎಷ್ಟೋ ಜನಕ್ಕೆ ಕೈ ನಡುಗುತ್ತೆ. ರಂಗೋಲಿ ಎಳೆ ಕೂಡ ಸೊಟ್ಟಗಾಗುತ್ತೆ, ಆಗ ಹೆಂಗಸರು ತುಂಬಾ ನೊಂದುಕೊಳ್ತಾರೆ. ಸಣ್ಣ ಕುಂಚ ಕೊಡಲೇಬೇಡಿ. ಆಯಿಲ್ ಪೇಸ್ಟಲ್, ದಪ್ಪ ಬ್ರಷ್ಷು, ದೊಡ್ಡ ಹಾಳೆ ಕೊಡಿ. ನಡುಕ ಇರೋದನ್ನ ಡಾಕ್ಟರ್‌ಗೂ ತಿಳಿಸಿ, ಅವರು ರಕ್ತದಲ್ಲಿ ಮಾತ್ರೆಯ ಪ್ರಮಾಣ ನೋಡ್ತಾರೆ. ಟರ್ಪಂಟೈನ್ ಬಳಸೋ ಎಣ್ಣೆ ಬಣ್ಣ ಮುಚ್ಚಿದ ರೂಮಲ್ಲಿ ಬೇಡ. ಜೇಡಿಮಣ್ಣೂ ಈಗ ಬೇಡ, ಮಣ್ಣಿನಲ್ಲಿ ಶಿಲೀಂಧ್ರ ಇರುತ್ತೆ.

ಡಾಕ್ಟರ್ ಒಪ್ಪಿದ ಮೇಲೆ ಮೊದಲ ಸಲ ಹೊರಗೆ ಹೋಗೋಕೆ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್ ಒಳ್ಳೇದು, ಅಲ್ಲಿ ಎನ್‌ಜಿಎಂಎ, ಅಂದ್ರೆ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ. ಸೋಮವಾರ ರಜೆ. ಬೇರೆ ಕೆಲಸದ ದಿನ ಬೆಳಗ್ಗೆ ಬಾಗಿಲು ತೆಗೆಯೋ ಹೊತ್ತಿಗೇ ಹೋಗಿ, ಜನ ತೀರಾ ಕಮ್ಮಿ. ಎನ್95 ಮಾಸ್ಕ್ ಇರಲಿ. ಆಯಾಸ ಆದ್ರೆ ಹೊರಗೆ ಮರದ ನೆರಳಿದೆ.

ಹನುಮಂತನಗರದಿಂದ

ಮೃದಂಗ ನುಡಿಸ್ತೀನಿ. 2020ರಲ್ಲಿ ಮದುವೆ ಸೀಸನ್ನೂ ಹೋಯ್ತು, ಉತ್ಸವಗಳೂ ಹೋದ್ವು. ಆನ್‌ಲೈನ್ ಕಚೇರಿ ಅಂದಾಗ ಎಷ್ಟೋ ಕಡೆ ಹಾಡೋರು ಶ್ರುತಿ ಪೆಟ್ಟಿಗೆ ಇಟ್ಟುಕೊಂಡು ಒಬ್ಬರೇ ಕೂತ್ರು, ಪಕ್ಕವಾದ್ಯದವರಿಗೆ ಕರೆಯೇ ಬರಲಿಲ್ಲ. ಕರೆ ಬಂದ ಕಡೆ ಖಾಲಿ ಹಾಲು, ಎದುರಿಗೆ ಮೂರು ಕ್ಯಾಮೆರಾ. ಮುಕ್ತಾಯ ಹೊಡೆದು ಸಮಕ್ಕೆ, ಅಂದ್ರೆ ತಾಳದ ಮೊದಲ ಏಟಿಗೆ, ಬಂದಾಗ ಒಂದು "ಭೇಷ್" ಇಲ್ಲ.

ನಿಮ್ಮ ತಾಯಿ ಹಳೇ ರಸಿಕರು. ಅವರು ಕೇಳಿದ ಕಚೇರಿ ಕೆಳಗೆ ಅವರ ಮಾತಲ್ಲೇ ಎರಡು ಸಾಲು ಬರೆಸಿ. ಚೆನ್ನಾಗಿತ್ತು ಅಂತಷ್ಟೇ ಅಲ್ಲ, ಯಾವ ಸಂಗತಿ, ಯಾವ ನಡೆ ಹಿಡಿಸಿತು ಅಂತ. ನಾವು ರಾತ್ರಿ ಕೂತು ಒಂದೊಂದನ್ನೂ ಓದ್ತೀವಿ. ಕೈಲಾದ್ರೆ ಪುಕ್ಕಟೆ ಕಚೇರಿಗೂ ಟಿಕೆಟ್ಟಿನ ದುಡ್ಡು ಕಳಿಸಿ, ಈಗಂತೂ ಯುಪಿಐ ಇದೆ.

ವಿಜಯನಗರದಿಂದ

ಎಲ್ಲರಿಗೂ ಕೈ ಮುಗಿದೆ. ಬಸವನಗುಡಿ ಅಮ್ಮ ಹೇಳಿದ ಹಾಗೆ ನಮ್ಮ ದೊಡ್ಡಮ್ಮನ ಜೊತೆ ಶನಿವಾರ ಒಂದು ಕಚೇರಿ ಕೇಳಿದ್ರು. ಮೋಹನ ಅಂತ ಬರೆದಿದ್ರು, ದೊಡ್ಡಮ್ಮ ಬಿಲಹರಿ ಅಂದ್ರಂತೆ, ಇನ್ನೂ ವಾದ ನಡೀತಿದೆ. ಇನ್ನೊಂದು ಪ್ರಶ್ನೆ. ಕೆಳಗಿನ ಮನೆ ಹುಡುಗಿ ವೀಣೆ ಕಲೀತಿದ್ದಾಳೆ, "ಆಂಟಿಗೋಸ್ಕರ ಟೆರೇಸಲ್ಲಿ ನುಡಿಸ್ತೀನಿ, ನಮ್ಮಕ್ಕ ಹಾಡ್ತಾಳೆ" ಅಂತಿದ್ದಾಳೆ. ಒಪ್ಪಬಹುದಾ?

ಮಲ್ಲೇಶ್ವರದಿಂದ

ವೀಣೆಗೆ ನನ್ನ ಪೂರ್ತಿ ಒಪ್ಪಿಗೆ, ಹಾಡು ಸದ್ಯಕ್ಕೆ ಬೇಡ. 2020ರ ಮಾರ್ಚ್ 10ಕ್ಕೆ ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್‌ನಲ್ಲಿ 61 ಜನ ಒಂದು ಹಾಲಲ್ಲಿ ಕೂತು ಕೋರಸ್ ಅಭ್ಯಾಸ ಮಾಡಿದ್ರು. 53 ಜನಕ್ಕೆ ಕೋವಿಡ್ ಬಂತು, ಅದರಲ್ಲಿ ಕೆಲವರದು ಪರೀಕ್ಷೆ ಆಗದೆ ಲಕ್ಷಣದ ಮೇಲೆ ಲೆಕ್ಕಕ್ಕೆ ಹಿಡಿದದ್ದು. ಇಬ್ಬರು ತೀರಿಕೊಂಡ್ರು. ಹಾಡುವಾಗ ಬಾಯಿಂದ ಹೊರಬೀಳೋ ಸೂಕ್ಷ್ಮ ಹನಿಗಳು ಮಾತಾಡೋದಕ್ಕಿಂತ ಹೆಚ್ಚು. ಅದು ಮುಚ್ಚಿದ ಹಾಲು, ನಿಮ್ಮದು ಬಯಲು, ಆದ್ರೂ ಕಸಿಯಾದ ಮೊದಲ ತಿಂಗಳುಗಳಲ್ಲಿ ಧೈರ್ಯ ಮಾಡೋದು ಬೇಡ. ಹುಡುಗಿ ಟೆರೇಸಿನ ಒಂದು ಕಡೆ, ಅಮ್ಮ ಇನ್ನೊಂದು ಕಡೆ ಕೂರಲಿ. ನೆಗಡಿ, ಕೆಮ್ಮು ಇದ್ದ ದಿನ ಬರಬಾರದು ಅಂತ ಅವಳಿಗೆ ಮೊದಲೇ ಹೇಳಿ. ಡಾಕ್ಟರ್‌ಗೂ ಒಂದು ಮಾತು ಕೇಳಿ.

ಸಂಜೆ ಬೇಡ. ಡೆಂಗಿ ತರೋ ಸೊಳ್ಳೆ ಹಗಲು ಹೊತ್ತಲ್ಲೇ ಕಚ್ಚುತ್ತೆ, ಅದರಲ್ಲೂ ಬೆಳಗ್ಗೆ ಮತ್ತು ಕತ್ತಲಾಗೋಕೆ ಮುಂಚೆ ಹೆಚ್ಚು. ಹನ್ನೊಂದು ಗಂಟೆ ಸುಮಾರಿಗೆ, ನೀರಿನ ಟ್ಯಾಂಕ್ ನೆರಳಲ್ಲಿ ಕುರ್ಚಿ ಹಾಕಿ, ತುಂಬುತೋಳಿನ ರವಿಕೆ ಹಾಕಿಸಿ. ಟೆರೇಸಲ್ಲಿ ನೀರು ನಿಂತಿರೋ ಕುಂಡದ ತಟ್ಟೆಗಳಿದ್ರೆ ಹಿಂದಿನ ದಿನವೇ ಚೆಲ್ಲಿಬಿಡಿ.